ರೇಷನ್ ಎಣ್ಣೆಯ ನೀಲಿ

ಬೆಳಗಿನ ಮೊದಲ ಹಾರಾಟಕ್ಕೆ ಮುಂಚೆ ಪ್ರತಿ ವಿಮಾನದ ರೆಕ್ಕೆಯ ಕೆಳಗಿನಿಂದ ಸ್ವಲ್ಪ ಇಂಧನ ಇಳಿಸಿ ನೋಡಬೇಕು. ಅದು ನನ್ನ ಕೆಲಸ. ಪಾರದರ್ಶಕ ಲೋಟವೊಂದನ್ನು ರೆಕ್ಕೆಯ ಅಡಿಗೆ ಒತ್ತಿ ಹಿಡಿದರೆ ಒಂದೆರಡು ಗುಟುಕಿನಷ್ಟು ಇಳಿಯುತ್ತದೆ. ಅದನ್ನು ಆಕಾಶದ ಬೆಳಕಿಗೆ ಎತ್ತಿ ನೋಡುತ್ತೇನೆ. ತಳದಲ್ಲಿ ನೀರಿನ ಗುಳ್ಳೆ ಇರಬಾರದು, ಕಸ ಇರಬಾರದು, ಬಣ್ಣ ತಿಳಿನೀಲಿ ಇರಬೇಕು. ಬಣ್ಣವೇ ಇಲ್ಲದಿದ್ದರೆ ಯಾರೋ ದೊಡ್ಡ ವಿಮಾನದ ಎಣ್ಣೆಯನ್ನು ಇದಕ್ಕೆ ತುಂಬಿದ್ದಾರೆ ಎಂದು ತಿಳಿದು ಹಾರಾಟ ನಿಲ್ಲಿಸಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಕಲಿಸಿದ್ದು ಇಷ್ಟೇ: ನೀಲಿ ಕಂಡರೆ ನಂಬು.

ವಿಮಾನ ಎಂದರೆ ದೊಡ್ಡದೇನಲ್ಲ. ಪೈಲಟ್ ಆಗಲು ಬರುವ ಹುಡುಗ ಹುಡುಗಿಯರು ಕಲಿಯುವ, ಇಬ್ಬರು ಅಥವಾ ನಾಲ್ವರು ಕೂರುವ ಸಣ್ಣ ಯಂತ್ರಗಳು. ಡಿಪ್ಲೊಮಾ ಮುಗಿಸಿದ ಮೇಲೆ ಅಂಥದೊಂದು ತರಬೇತಿ ಶಾಲೆಯ ಹ್ಯಾಂಗರಿನಲ್ಲಿ ನನಗೆ ಕೆಲಸ ಸಿಕ್ಕಿತು. ಮೂಡಲಗಿಯ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಲ್ಲೇ ಕೋಣೆ ಮಾಡಿಕೊಂಡಿದ್ದೇನೆ. ತಿಂಗಳ ಮೊದಲ ಮತ್ತು ಮೂರನೆಯ ರವಿವಾರ ಊರಿಗೆ ಬರುತ್ತೇನೆ. ದಿನವೂ ಎಷ್ಟು ವಿಮಾನ ಹಾರಿದವು, ಯಾವುದರಲ್ಲಿ ನೀರು ಕಂಡಿತು, ಯಾರಿಗೆ ಹೇಳಿದೆ ಎಂದು ದಿನಚರಿಯಲ್ಲಿ ಬರೆದಿಡುವ ರೂಢಿ ನನಗೆ ಸಾಲಿಗೆ ಹೋಗಿ ಓದುತ್ತಿದ್ದ ದಿನಗಳಿಂದಲೂ ಇದೆ. ಅದರಿಂದ ಯಾರಿಗೂ ಏನೂ ಉಪಯೋಗವಾಗಿಲ್ಲ, ನನಗೆ ನಿದ್ದೆ ಬರುತ್ತದೆ ಅಷ್ಟೇ.

ಲೋಟದಲ್ಲಿ ಇಳಿಸಿದ್ದನ್ನು ಮತ್ತೆ ವಿಮಾನಕ್ಕೆ ಸುರಿಯುವುದಿಲ್ಲ. ಹ್ಯಾಂಗರಿನ ಮೂಲೆಯ ಕ್ಯಾನಿಗೆ ಹಾಕುತ್ತೇವೆ. ಅದು ವಿಲೇವಾರಿಗೆ ಹೋಗಬೇಕೆಂಬುದು ನಿಯಮ. ಆದರೆ ಅದರಷ್ಟು ಚೆನ್ನಾಗಿ ಗ್ರೀಸು ಬಿಡಿಸುವ ವಸ್ತು ಇನ್ನೊಂದಿಲ್ಲವಾದ್ದರಿಂದ ಒಬ್ಬೊಬ್ಬರು ಒಂದೊಂದು ಬಾಟಲಿ ಒಯ್ಯುತ್ತಿದ್ದರು. ಜೂನ್ ತಿಂಗಳ ಮೊದಲ ರವಿವಾರ ನಾನೂ ಒಯ್ದೆ. ಎರಡು ಲೀಟರಿನ ಬಿಳಿ ಪ್ಲಾಸ್ಟಿಕ್ ಡಬ್ಬಿ, ಮೇಲೆ ಜಾಕೆಟ್ ಸುತ್ತಿದ್ದೆ. ಗೋಕಾಕದಲ್ಲಿ ಬಸ್ಸು ಬದಲಿಸಿದ ಮೇಲೆ ಕಂಡಕ್ಟರ್ ಮೂಗೇರಿಸಿ, "ಪೆಟ್ರೋಲ್ ಯಾರ್ರಿ ಒಯ್ಯಾಕತ್ತೋರು? ಎಲ್ಲಾರೂ ಕೂಡೇ ಮ್ಯಾಲ ಹೋಗೂಣ ಅಂತ ಮಾಡೀರೇನ?" ಎಂದು ಕೂಗಿದ. ಜನ ನಕ್ಕರು. ನಾನು ಕಿಟಕಿಯಾಚೆಯ ಕಬ್ಬು ನೋಡುತ್ತ ಕೂತೆ.

ಡಬ್ಬಿ ಒಯ್ದದ್ದು ಅಣ್ಣನಿಗಾಗಿ. ಅಪ್ಪ ಅವ್ವ ಇಲ್ಲದ ಮನೆ ನಮ್ಮದು. ನಮ್ಮಿಬ್ಬರನ್ನು ಸಾಕಿದವಳು ಆಯಿ, ಅಂದರೆ ಅಪ್ಪನ ಅವ್ವ. ಮನೆಯ ಮುಂದಿನ ಪಡಸಾಲೆಯೇ ಅಣ್ಣನ ಗ್ಯಾರೇಜು, ಬೈಕು ಮತ್ತು ಸ್ಕೂಟರ್ ರಿಪೇರಿ. ನಾನು ಮೊದಲ ಸಲ ಎಂಜಿನ್ ಬಿಚ್ಚಿದ್ದು ಅಲ್ಲಿಯೇ, ಅವನ ಕೈಕೆಳಗೆ. ಕಲಿಸಿದವನಿಗೆ ವಿಮಾನದಿಂದ ಏನಾದರೂ ತಂದುಕೊಡಬೇಕು ಎಂಬ ಹುಮ್ಮಸ್ಸು ನನಗೆ. ತರಲು ಬೇರೆ ಏನಿತ್ತು?

ಅಣ್ಣ ಒಂದು ಕಾರ್ಬೊರೇಟರನ್ನು ಅದರಲ್ಲಿ ಅದ್ದಿ ತೆಗೆದ. "ಏ, ಹೆಂಗ ಹೊಳ್ಯಾಕತ್ತೈತಿ ನೋಡ! ಅರಿಷಿಣ ತೊಳದ ಮದಿಮಗನ ಹಂಗ."

ಆಯಿ ಒಳಗಿನಿಂದ ಬಂದು ಡಬ್ಬಿಯೊಳಗೆ ಇಣುಕಿದಳು. ನೀಲಿ ಬಣ್ಣ ಕಂಡದ್ದೇ ಅವಳ ಮುಖ ಅರಳಿತು. "ಚಿಮಣಿ ಎಣ್ಣಿ ಮತ್ತ ಕೊಡಾಕ ಚಾಲೂ ಮಾಡ್ಯಾರೇನ?"

ನಮ್ಮ ಕಡೆ ಸೀಮೆಎಣ್ಣೆಗೆ ಚಿಮಣಿ ಎಣ್ಣೆ ಎನ್ನುತ್ತಾರೆ. ರೇಷನ್ ಅಂಗಡಿಯಲ್ಲಿ ಕೊಡುತ್ತಿದ್ದ ಎಣ್ಣೆಗೆ ಸರಕಾರದವರು ನೀಲಿ ಬಣ್ಣ ಕಲಸುತ್ತಿದ್ದರು, ಕಾಳಸಂತೆಯಲ್ಲಿ ಮಾರಿದರೆ ಗುರುತು ಸಿಗಲಿ ಎಂದು. ಈಗ ಅದು ಬಂದ್ ಆಗಿದೆ. ಅಡಿಗೆ ಗ್ಯಾಸ್ ಬಂದ ಮೇಲೆ ಒಲೆಗೆ ಯಾರಿಗೂ ಬೇಕಿರಲಿಲ್ಲ. ಆದರೆ ಆಯಿಗೆ ಆ ಎಣ್ಣೆ ಬರಿಯ ಒಲೆಯದಲ್ಲ. ಇರುವೆ ಸಾಲಿಗೆ, ಕಾಲಿಗೆ ಮೆತ್ತಿದ ಡಾಂಬರಿಗೆ, ಹುಳುಕಡ್ಡಿಗೆ, ಎಲ್ಲದಕ್ಕೂ ಅದೇ.

"ಇದು ವಿಮಾನದ್ದು, ಆಯಿ," ಎಂದೆ.

"ವಿಮಾನದೋರಿಗೂ ರೇಷನ್ ಕಾರ್ಡ ಮಾಡಿಸಿ ಕೊಟ್ಟಾರ? ನಮ್ಮ ಕಾರ್ಡಿಗಿ ಬಂದ್ ಮಾಡಿ ಅವರಿಗಿ ಕೊಟ್ಟಾರ ನೋಡ!"

"ಒಲಿ ಹತ್ರ ಒಯ್ಯಬ್ಯಾಡ ಮತ್ತ, ಭಪ್ ಅಂತೈತಿ. ಇದರಾಗ ಸೀಸ ಐತಿ."

"ಸೀಸಾ ಎಲ್ಲೈತಿ? ಇದು ಡಬ್ಬಿ ಅಲಾ?"

ಬಾಟಲಿಗೆ ನಾವು ಸೀಸಾ ಎನ್ನುವುದು. ಸೀಸ ಎಂಬ ಲೋಹದ ಹೆಸರು ಆಯಿಯ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ವೈನಿ, ಅಂದರೆ ಅಣ್ಣನ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡಳು. ನಾನೂ ನಕ್ಕೆ. ಆಮೇಲೆ ಚಹಾ ಬಂತು.

ಆ ನಗುವಿನ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸಣ್ಣ ವಿಮಾನದ ಎಂಜಿನ್ನು ಒಳಗೊಳಗೇ ಬಡಿದುಕೊಳ್ಳದಿರಲಿ ಎಂದು ಆ ಇಂಧನಕ್ಕೆ ಸೀಸ ಬೆರೆಸುತ್ತಾರೆ. ರಸ್ತೆಯ ಪೆಟ್ರೋಲಿನಿಂದ ಅದನ್ನು ತೆಗೆದು ನನ್ನ ವಯಸ್ಸಿನಷ್ಟು ಕಾಲವಾಯಿತು, ಆಕಾಶದಲ್ಲಿ ಮಾತ್ರ ಉಳಿದಿದೆ. ಅದು ಚರ್ಮದೊಳಗೂ ಇಳಿಯುತ್ತದೆ, ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ಕೆಟ್ಟದ್ದು ಎಂದು ನಮಗೆ ತರಗತಿಯಲ್ಲಿ ಹೇಳಿದ್ದರು. ನಾನು ಬರೆದುಕೊಂಡಿದ್ದೆ. ಆದರೆ ಆ ಇಂಧನದ ಹೆಸರಿನಲ್ಲೇ 'ಲೋ ಲೀಡ್' ಎಂದಿದೆ. ಲೀಡ್ ಎಂದರೆ ಸೀಸ, ಲೋ ಎಂದರೆ ಕಡಿಮೆ ತಾನೇ ಎಂದು ಹ್ಯಾಂಗರಿನಲ್ಲಿ ಎಲ್ಲರೂ ಅಂದುಕೊಂಡಂತೆ ನಾನೂ ಅಂದುಕೊಂಡೆ. ಆಯಿಗೆ ತಿಳಿಯುವ ಮಾತು ನನಗೆ ಗೊತ್ತಿರಲಿಲ್ಲವೆಂದಲ್ಲ. ವಿಷ ಐತಿ ಎನ್ನಬಹುದಿತ್ತು. ಎಂದಿದ್ದರೆ ಅಣ್ಣ, "ಹಂಗಾರ ಯಾಕ ತಂದಿ?" ಎನ್ನುತ್ತಿದ್ದ. ಆ ಪ್ರಶ್ನೆ ಬರದಂತೆ ನಾನು ಪುಸ್ತಕದ ಮಾತು ಆಡಿದೆ. ಹೇಳಿದಂತೆಯೂ ಆಯಿತು, ಯಾರಿಗೂ ಕೇಳಿಸದಂತೆಯೂ ಆಯಿತು.

ಜುಲೈ ಮೂರನೆಯ ವಾರ, ಶನಿವಾರ ಸಂಜೆ ವೈನಿಯ ಫೋನು ಬಂತು. ಹ್ಯಾಂಗರಿನ ಬಾಗಿಲು ಎಳೆಯುತ್ತಿದ್ದೆವು.

"ಸಣ್ಣಾಕಿ ವಾಂತಿ ಮಾಡ್ಕೊಳ್ಳಾಕತ್ತಾಳ. ತಲಿ ಅನ್ನೂದು ಕೆಂಪಗ ಮೆಣಸಿನಕಾಯಿ ಆಗೈತಿ. ಹತ್ರ ಹೋದ್ರ ನಿನ್ನ ಡಬ್ಬಿ ವಾಸನಿ. ಏನಿಟ್ಟಿ ಅದರಾಗ, ಖರೆ ಹೇಳ."

ಸಣ್ಣಾಕಿ ಎಂದರೆ ಅಣ್ಣನ ಮಗಳು, ಒಂದನೆಯ ತರಗತಿ. ಮನೆಯಲ್ಲಿ ಅವಳನ್ನು ಯಾರೂ ಹೆಸರಿನಿಂದ ಕರೆಯುವುದಿಲ್ಲ. ಸಾಲಿಯಿಂದ ಹೇನು ಹತ್ತಿಸಿಕೊಂಡು ಬಂದಿದ್ದಳು. ಹೇನಿಗೆ ಚಿಮಣಿ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿ ಕೂಡಿಸುವುದು ನಮ್ಮ ಮನೆಯ ಹಳೆಯ ಮದ್ದು, ನನಗೂ ಹಚ್ಚಿದ್ದಾಳೆ ಆಯಿ. ವೈನಿ ಶನಿವಾರ ಮಧ್ಯಾಹ್ನ ಹೊಲಿಗೆ ಕ್ಲಾಸಿಗೆ ಹೋಗುತ್ತಾಳೆ. ಮೂರು ವಾರದ ಹಿಂದೆ ಆ ಹೊತ್ತಿನಲ್ಲಿ ಆಯಿ ಮೊಮ್ಮಗನ ಮಗಳ ತಲೆಗೆ ನೀಲಿ ಎಣ್ಣೆ ಹಚ್ಚಿ, ಹೆಂಗೂ ಹೇನು ಸತ್ತವೆಂದು ಸೀಗೆಕಾಯಿ ಹಾಕಿ ತೊಳೆದಿದ್ದಳು. ಸತ್ತಿದ್ದವು ಕೂಡ. ಮರುವಾರ ಮತ್ತೆ ಬಂದವು, ಮತ್ತೆ ಹಚ್ಚಿದಳು. ಮನೆಯೇ ಗ್ಯಾರೇಜಿನ ವಾಸನೆಯಾದ್ದರಿಂದ ವೈನಿಗೆ ಬೇರೆ ವಾಸನೆ ಗೊತ್ತಾಗಲಿಲ್ಲ. ಈ ಸಲ ಆಯಿ ಬಟ್ಟೆ ಬಿಗಿಯಾಗಿ ಕಟ್ಟಿ, ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾನೂ ತೂಕಡಿಸಿದ್ದಳು.

"ಸಾಬೂನು ಹಚ್ಚಿ ನಾಕೈದು ಸಲ ತೊಳಿ. ಗಾಳಿಗಿ ಕೂಡ್ಸು. ಈಗಿಂದೀಗ ಗೋಕಾಕಕ್ಕ ಕರ್ಕೊಂಡ ಹೋಗ್ರಿ," ಎಂದೆ. ವಿಷ ಎಂಬ ಮಾತು ಆಗ ಬಾಯಿಗೆ ಸಲೀಸಾಗಿ ಬಂತು.

ಮರುದಿನ ಬೆಳಿಗ್ಗೆ ನಾನು ಗೋಕಾಕದ ಆಸ್ಪತ್ರೆ ಮುಟ್ಟಿದಾಗ ವಾಂತಿ ನಿಂತಿತ್ತು. ಸಣ್ಣಾಕಿ ಹಾಸಿಗೆಯ ಮೇಲೆ ಕೂತು ಕರದಂಟು ಕಡಿಯುತ್ತಿದ್ದಳು. ನನ್ನನ್ನು ನೋಡಿ, "ಅತ್ಯಾ, ನನ್ನ ಹೇನೆಲ್ಲಾ ವಿಮಾನ ಹತ್ತಿ ಹ್ವಾದ್ವು," ಎಂದಳು. ಇದನ್ನು ಅವಳಿಗೆ ಹೇಳಿಕೊಟ್ಟವನು ಅಣ್ಣನೇ. ಅವಳನ್ನು ನಗಿಸಲು ರಾತ್ರಿಯಿಡೀ ಏನೇನೋ ಹೇಳಿದ್ದನಂತೆ.

ಮಕ್ಕಳ ಡಾಕ್ಟರು ನನ್ನನ್ನು ಕೂಡಿಸಿಕೊಂಡು ಆ ಇಂಧನದಲ್ಲಿ ಏನೇನಿದೆ ಎಂದು ಕೇಳಿದರು. ಹೇಳಿದೆ. ಎಷ್ಟು ಸಲ ಹಚ್ಚಿದ್ದು ಎಂದು ಆಯಿಯನ್ನು ಕೇಳಿದರು. ಆಯಿ ಬೆರಳು ಮಡಿಸಿ, "ನಾಕ ಶನಿವಾರ್ರಿ," ಎಂದಳು. ರಕ್ತ ತೆಗೆದು ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸಿದರು. ವಾರದ ಮೇಲೆ ವರದಿ ಬಂದಾಗ ಮತ್ತೆ ಎಲ್ಲರೂ ಆಸ್ಪತ್ರೆಗೆ ಹೋದೆವು, ನಾನು ರಜೆ ಹಾಕಿದ್ದೆ. ರಕ್ತದಲ್ಲಿ ಸೀಸ ಇರಬಾರದಷ್ಟು ಇತ್ತು. ಔಷಧ ಕೊಡುವಷ್ಟು ಇಲ್ಲ, ಮರೆತುಬಿಡುವಷ್ಟೂ ಇಲ್ಲ ಎಂದರು ಡಾಕ್ಟರು.

"ಎಣ್ಣಿಯಿಂದಾನ ಬಂದೈತೇನ್ರಿ?" ಎಂದು ಅಣ್ಣ ಕೇಳಿದ.

"ಬಂದಿರಬಹುದು. ನಿಮ್ಮ ಗ್ಯಾರೇಜಿನ್ಯಾಗ ಹಳೇ ಬ್ಯಾಟರಿ ಅದಾವೇನ್ರಿ?"

"ಅದಾವ್ರಿ. ಮೂಲ್ಯಾಗ ಒಂದ ರಾಶಿ."

"ಅದರಿಂದನೂ ಬಂದಿರಬಹುದು. ಬಣ್ಣ, ಅರಿಷಿಣ, ಎಲ್ಲಾದರಾಗೂ ಕಲಬೆರಕಿ ಐತಿ. ಎಲ್ಲಿಂದ ಬಂತು ಅಂತ ರಕ್ತ ಹೇಳಂಗಿಲ್ಲ. ಮೊದಲ ಇವೆಲ್ಲಾ ಮನಿ ಬಿಟ್ಟು ಹೊರಗ ಹೋಗ್ಲಿ. ಮೂರ ತಿಂಗಳ ಆದ ಮ್ಯಾಲ ಮತ್ತ ನೋಡೂಣ. ಇಳೀಬೇಕು. ಇಳೀಲಿಲ್ಲಂದ್ರ ಓದೂದು, ನೆನಪು, ಅದಕ್ಕೆಲ್ಲಾ ತೊಂದ್ರಿ ಆಕ್ಕೈತಿ."

ಬ್ಯಾಟರಿ ಎಂಬ ಮಾತು ಕೇಳಿದಾಗ ನನ್ನ ಎದೆ ಒಂದು ಕ್ಷಣ ಹಗುರವಾಯಿತು. ಆ ಹಗುರಕ್ಕೆ ನನಗೆ ಇವತ್ತಿಗೂ ಹೇಸಿಗೆಯಿದೆ. ಹುಡುಗಿಗೆ ಒಳ್ಳೆಯದಾಗುವ ಸುದ್ದಿಯೇನಲ್ಲ ಅದು, ನನ್ನ ಪಾಲು ಕಡಿಮೆ ಮಾಡುವ ಸುದ್ದಿ.

ಆಸ್ಪತ್ರೆಯ ಮೆಟ್ಟಿಲ ಮೇಲೆ ವೈನಿ ಬೈಯಲು ಸುರು ಮಾಡಿದಳು. ನನಗಲ್ಲ, ಆಯಿಗೆ. "ಕಣ್ಣು ಕಾಣಂಗಿಲ್ಲಂದ್ರ ಸುಮ್ಮ ಕೂಡಬೇಕು. ಎಂಬತ್ತ ವರ್ಷದ ಕೈಗಿ ಮದ್ದು ಮಾಡೂ ಚಟ. ಏನ ಹಚ್ಚಾಕತ್ತೀನಿ ಅಂತ ಒಂದ ಮಾತ ಕೇಳಬಾರದಾ?"

"ಅಕಿನ ಅಂದಿದ್ಲಲ್ಲವಾ," ಎಂದಳು ಆಯಿ, ನನ್ನತ್ತ ನೋಡದೆ. "ಸೀಸಾ ಐತಿ ಅಂದ್ಲು. ಸೀಸಾದಾಗ ಹಾಕಿಡು ಅಂದಂಗ ಕೇಳಿಸ್ತು. ಹಂಗ ಹಾಕಿಟ್ಟೆ."

ಈ ಸಲ ಯಾರೂ ನಗಲಿಲ್ಲ. ಅಣ್ಣ ರಿಕ್ಷಾ ಕರೆಯಲು ಹೋದ. ನಾನು ಬಾಯಿ ತೆರೆಯಬೇಕಾದ ಜಾಗ ಅದು. ತೆರೆಯಲಿಲ್ಲ. ಆ ಸಂಜೆಯೇ ವೈನಿ ಸಣ್ಣಾಕಿಯನ್ನು ಕರೆದುಕೊಂಡು ಹುಕ್ಕೇರಿಯ ತವರಿಗೆ ಹೋದಳು. ಗ್ಯಾರೇಜು ಮನೆಯಿಂದ ಹೊರಗೆ ಹೋಗುವವರೆಗೆ ಬರುವುದಿಲ್ಲ ಎಂದಳು. ಮೂಡಲಗಿಯ ಓಣಿಯಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿತು, ಮುದುಕಿ ಮಗುವಿಗೆ ಪೆಟ್ರೋಲು ಹಚ್ಚಿದಳು ಎಂದು. ಡಬ್ಬಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ವಿಮಾನದಲ್ಲಿ ಕೆಲಸ ಮಾಡುವ ಹುಡುಗಿ ಎಂಬ ಮರ್ಯಾದೆ ನನಗೆ ಹಾಗೇ ಉಳಿಯಿತು. ನೀರಿನ ಸರದಿಯಲ್ಲಿ ಹೆಂಗಸರು ನನಗೆ ಮೊದಲಿನಂತೆಯೇ ಜಾಗ ಬಿಡುತ್ತಿದ್ದರು, ಆಯಿ ಬಂದರೆ ಮಾತು ನಿಲ್ಲುತ್ತಿತ್ತು. ಅವಳು ಕಟ್ಟೆಗೆ ಕೂರುವುದನ್ನೇ ಬಿಟ್ಟಳು.

ಹ್ಯಾಂಗರಿನಲ್ಲಿ ನಮ್ಮ ಮೇಲಿನ ಎಂಜಿನಿಯರ್ ಸಾಹೇಬರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಸಂಕೇಶ್ವರದ ಕಡೆಯವರು. ಕೈಯಲ್ಲಿದ್ದ ಸ್ಪ್ಯಾನರ್ ಒರೆಸಿ ಕೆಳಗಿಟ್ಟರು. "ಮನಿಗಿ ಒಯ್ದದ್ದಕ್ಕ ನಾ ನಿನಗ ಬೈಬೇಕು. ಖರೆ, ನನ್ನ ಗಾಡಿ ಚೈನ್ ಯಾದರಲೆ ತೊಳೀತೀನಿ ಅಂತ ಇಲ್ಲಿ ಎಲ್ಲಾರಿಗೂ ಗೊತ್ತೈತಿ. ಯಾವ ಬಾಯ್ಲೆ ಬೈಲಿ?" ಎಂದರು. ಮರುದಿನದಿಂದ ಕ್ಯಾನಿಗೆ ಬೀಗ ಬಿತ್ತು. ಕೈಗವಸು ಹಾಕದೆ ಲೋಟ ಹಿಡಿದರೆ ಅವರೇ ಕೂಗುತ್ತಿದ್ದರು.

ಸೆಪ್ಟೆಂಬರಿನಲ್ಲಿ ಸೀಸವಿಲ್ಲದ ಇಂಧನ ಬಂತು. ಅದರ ಮಾತು ವರ್ಷದಿಂದ ನಡೆದಿತ್ತು. ನಮ್ಮಲ್ಲಿರುವ ಎಂಟು ವಿಮಾನಗಳಲ್ಲಿ ಎರಡರ ಎಂಜಿನ್ನಿಗೆ ಮಾತ್ರ ಅದು ಒಗ್ಗುತ್ತದೆ. ಉಳಿದವು ಹೆಚ್ಚು ಒತ್ತಡದ ಎಂಜಿನ್ನಿನವು. ಅವಕ್ಕೆ ತಕ್ಕ ಇಂಧನಕ್ಕೆ ಒಪ್ಪಿಗೆ ಸಿಗುವವರೆಗೆ ನೀಲಿಯೇ ಗತಿ. ಹೊಸದಕ್ಕೆ ಆ ನೀಲಿಯಿಲ್ಲ. ಮೊದಲ ಬೆಳಿಗ್ಗೆ ಲೋಟವನ್ನು ಆಕಾಶಕ್ಕೆ ಎತ್ತಿದಾಗ ನೀರಿನಂಥ ಬಣ್ಣ ಕಂಡು, "ತಪ್ಪು ಎಣ್ಣಿ!" ಎಂದು ಕೂಗಿಬಿಟ್ಟೆ. ಪೈಲಟ್ ಹುಡುಗ ಹೆದರಿ ಕೆಳಗಿಳಿದ. ಸಾಹೇಬರು ದೂರದಿಂದ, "ಇಷ್ಟ ದಿವಸ ಹಾಕಿದ್ದ ತಪ್ಪು ಎಣ್ಣಿ, ಇದು ಬರೋಬ್ಬರಿ ಐತಿ," ಎಂದರು.

ಎರಡು ವಿಮಾನ ಶುದ್ಧವಾದವು ಎಂದು ಅವತ್ತು ಬರೆದುಕೊಂಡೆ. ಸಮಾಧಾನವಾಗಲಿಲ್ಲ. ನಮ್ಮ ವಿಮಾನಗಳು ಸುತ್ತು ಹಾಕುವ ದಾರಿಯ ಕೆಳಗೆ ಒಂದು ಸಾಲಿಯಿದೆ. ಮಕ್ಕಳು ಆಟದ ಬಯಲಿನಿಂದ ಮೇಲೆ ನೋಡಿ ಕೈಬೀಸುತ್ತಾರೆ. ನಾನು ನೀಲಿ ನೋಡಿ ಸರಿ ಎಂದು ಕಳಿಸಿದ ಉಳಿದ ಆರು ಅವರ ತಲೆಯ ಮೇಲೇ ಹಾಯುತ್ತವೆ. ಆ ಹೊಗೆ ಎಷ್ಟು ಇಳಿಯುತ್ತದೆಯೋ, ಇಳಿಯುವುದೇ ಇಲ್ಲವೋ, ನನಗೆ ಗೊತ್ತಿಲ್ಲ. ಸಣ್ಣಾಕಿಯ ವಿಷಯದಲ್ಲಾದರೆ ಯಾರ ಮುಂದೆ ತಲೆ ತಗ್ಗಿಸಬೇಕೆಂದು ಗೊತ್ತಿತ್ತು.

ಅದನ್ನೂ ಇನ್ನೂ ಮಾಡಿರಲಿಲ್ಲ. ಅಕ್ಟೋಬರ್ ಮೊದಲ ರವಿವಾರ ಮೂಡಲಗಿಗೆ ಹೋಗದೆ ಹುಕ್ಕೇರಿಗೆ ಹೋದೆ. ವೈನಿಯ ತವರುಮನೆಯ ಹಿತ್ತಲಲ್ಲಿ ಅವಳು ಶೇಂಗಾ ಒಡೆಯುತ್ತಿದ್ದಳು. ಸಣ್ಣಾಕಿ ಮಾವನ ಜೋಡಿ ಸಂತೆಗೆ ಹೋಗಿದ್ದಳು. ನಾನು ನಿಂತೇ ಹೇಳಿದೆ.

"ವೈನಿ, ಆಯಿದು ತಪ್ಪಿಲ್ಲ. ನನಗ ಗೊತ್ತಿತ್ತು. ಎಲ್ಲಾ ಓದಿದ್ನಿ. ಗೊತ್ತಿದ್ದೂ ತಂದೆ, ಗೊತ್ತಿದ್ದೂ ಸರಿಯಾಗಿ ಹೇಳಲಿಲ್ಲ."

ಅವಳು ಕೈ ನಿಲ್ಲಿಸಲಿಲ್ಲ. "ಇದನ್ನ ಹೇಳಾಕ ಇಷ್ಟ ದೂರ ಬಂದ್ಯಾ? ನನಗ ಅವತ್ತ ಗೊತ್ತಿತ್ತು."

"ಮತ್ತ ಆಯಿಗ್ಯಾಕ ಬೈದಿ?"

"ನಿನಗ ಬೈದ್ರ ನೀ ಮನಿಗಿ ಬರೂದು ಬಿಡ್ತಿ. ಆಯಿಗಿ ಬೈದ್ರ ಅಕಿ ಎಲ್ಲಿ ಹೊಕ್ಕಾಳ?" ಎಂದಳು. ಒಡೆದ ಬೀಜ ಮೊರಕ್ಕೆ ಸುರಿದು, "ಬೈಯಾಕ ಯಾರರ ಒಬ್ಬರು ಬೇಕಾಗಿತ್ತು. ಸಿಕ್ಕಾಕಿಗಿ ಬೈದೆ. ನಿಂದ್ರಬ್ಯಾಡ, ಕೂಡ. ಶೇಂಗಾ ಒಡಿ," ಎಂದಳು.

ಕೂತು ಒಡೆದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ, "ಈ ಮಾತ ನನ್ನ ಮುಂದ ಹೇಳಿ ಏನು ಬಂತು? ಓಣ್ಯಾಗ ಹೇಳ," ಎಂದಳು.

ಆ ಸಂಜೆಯೇ ಮೂಡಲಗಿಗೆ ಬಂದು ನೀರಿನ ನಳದ ಹತ್ತಿರ ನಿಂತು ಹೇಳಿದೆ. ನಾಲ್ಕಾರು ಹೆಂಗಸರಿದ್ದರು. ಹೇಳಿ ಮುಗಿಸಿದಾಗ ಒಬ್ಬಳು, "ಹಂಗ್ಯಾಕ ಅಂತೀಯವಾ, ನೀ ಒಳ್ಳೇದಕ್ಕ ತಂದಿದ್ದಿ. ಮುದುಕಿಗಿ ತಿಳಿಲಿಲ್ಲ," ಎಂದಳು. ಅಂದರೆ ನನ್ನ ಮಾತನ್ನು ಅವರು ಒಳ್ಳೆಯತನವೆಂದು ತೆಗೆದುಕೊಂಡರು. ಆಯಿಯ ಮೇಲಿನ ಅಪವಾದ ಪೂರ್ತಿ ಇಳಿಯಲಿಲ್ಲ. ಮನೆಯೊಳಗೆ ಹೋಗಿ ಅವಳಿಗೂ ಹೇಳಿದೆ. "ನಿನಗ್ಯಾಕ ಬೇಕಾಗಿತ್ತು ಅದು," ಎಂದು ಅವಳು ಗೋಡೆಗೆ ಮುಖ ಮಾಡಿ ಮಲಗಿದಳು.

ಅಣ್ಣ ಅಷ್ಟರೊಳಗೆ ಬಸ್‌ಸ್ಟ್ಯಾಂಡಿನ ಬಾಜೂ ಒಂದು ಶೆಡ್ ಹಿಡಿದಿದ್ದ. ಬ್ಯಾಟರಿಗಳು ಹೋದವು. ಪಡಸಾಲೆಯ ನೆಲವನ್ನು ನಾವಿಬ್ಬರೂ ಒದ್ದೆ ಬಟ್ಟೆಯಿಂದ ಒರೆಸಿ, ಒಲೆಗೂಡಿನವರೆಗೆ ತಿಕ್ಕಿದೆವು. ನಿನ್ನ ರಕ್ತವನ್ನೂ ತೋರಿಸು ಎಂದರೆ, "ನನಗೇನ ಧಾಡಿ ಆಗೇತಿ, ನಾ ಓದಿ ಏನ ಕಡದು ಹಾಕೂದೈತಿ," ಎಂದ. ಇನ್ನೂ ತೋರಿಸಿಲ್ಲ.

ಮೂರು ತಿಂಗಳ ವರದಿ ಅಕ್ಟೋಬರ್ ಕೊನೆಯಲ್ಲಿ ಬಂತು. ಇಳಿದಿತ್ತು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ರಕ್ತದಿಂದ ಬೇಗ ಹೋಗುತ್ತದೆ, ಎಲುಬಿಗೆ ಕೂತದ್ದು ನಿಧಾನ ಎಂದು ಡಾಕ್ಟರು ಹೇಳಿದರು. ಪಾಠ ಹೇಗೆ ಓದುತ್ತಾಳೆ ನೋಡುತ್ತಿರಿ, ಮತ್ತೆ ಮೂರು ತಿಂಗಳಿಗೆ ಬನ್ನಿ ಎಂದರು. ಈಗ ಸಣ್ಣಾಕಿ ಮಗ್ಗಿಯಲ್ಲಿ ಒಂದು ಸಂಖ್ಯೆ ತಪ್ಪಿಸಿದರೂ ಮನೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಆರು ವರ್ಷದ ಮಕ್ಕಳೆಲ್ಲ ಮಗ್ಗಿ ತಪ್ಪಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಗೊತ್ತಾಗುವ ದಾರಿಯೇ ಇಲ್ಲ.

ವೈನಿ ದೀಪಾವಳಿ ಕಳೆದ ಮೇಲೆ ಮೂಡಲಗಿಗೆ ಬಂದಳು. ಆಯಿಯನ್ನು ಮಾತಾಡಿಸಿದಳು, ಊಟಕ್ಕೆ ಬಡಿಸಿದಳು. ಸಣ್ಣಾಕಿಯ ತಲೆ ಬಾಚುವುದನ್ನು ಮಾತ್ರ ತಾನೇ ಮಾಡುತ್ತಾಳೆ. ಆಯಿ ಬಾಚಣಿಗೆ ಮುಟ್ಟುವುದಿಲ್ಲ.

ನವೆಂಬರ್ ಮೂರನೆಯ ರವಿವಾರ ನಾನು ಹೋದಾಗ ಅವರು ಬಂದಾಗಿತ್ತು. ಹಿಂದಿನ ದಿನ ಸಂಜೆಯವರೆಗೂ ನೀಲಿ ಎಣ್ಣೆಯ ವಿಮಾನಗಳ ಕೆಳಗೆ ಇದ್ದವಳು ನಾನು. ಸಮವಸ್ತ್ರ ಹ್ಯಾಂಗರಿನಲ್ಲೇ ಬಿಟ್ಟು, ಬೇರೆ ಬಟ್ಟೆ ತೊಟ್ಟು ಬಂದಿದ್ದೆ. ಆದರೂ ಸಣ್ಣಾಕಿ "ಅತ್ಯಾ!" ಎಂದು ಅಂಗಳದಿಂದ ಓಡಿ ಬಂದಾಗ ನನ್ನ ಕಾಲು ತಾನಾಗಿ ಹಿಂದಕ್ಕೆ ಸರಿಯಿತು. ಅವಳು ನಡುವೆಯೇ ನಿಂತಳು. ಏನು ತಪ್ಪು ಮಾಡಿದೆ ಎನ್ನುವಂತೆ ನನ್ನ ಮುಖ, ತನ್ನ ಕೈ ನೋಡಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ವೈನಿ, "ತಡಿ, ಅತ್ಯಾ ಜಳಕ ಮಾಡ್ತಾಳ. ಆಮ್ಯಾಲ ಹಿಡ್ಕೊಳ್ಳುವಂತಿ," ಎಂದಳು. ಹಂಡೆಯಲ್ಲಿ ನೀರು ಆಗಲೇ ಕಾದಿತ್ತು. ನನಗಾಗಿ ಕಾಯಿಸಿದ್ದಳು.